ಅಲಗಿನ ಹದ ಕಾಯುವ ಗ್ರೈಂಡರ್: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಪುಣೆ: ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಬಂದು ನಿಗಡಿ, ಆಕುರ್ಡಿ, ಚಿಂಚ್ವಡ, ಭೋಸರಿ ಪರಿಸರದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೋಟೆಲು ನಡೆಸುವವರಷ್ಟೇ ಅಲ್ಲ, ಕಾರ್ಖಾನೆಗಳ ಯಂತ್ರದ ಮುಂದೆ ದುಡಿದವರೂ ಇದ್ದಾರೆ. ಕೈಕಸುಬು ಬಲ್ಲ ಇಂಥವರಿಗೆ ನಿವೃತ್ತಿಯ ನಂತರ ಅಡುಗೆ ಚಾಕು, ಕ್ಷೌರದ ಕತ್ತಿಗಳ ತಯಾರಿಕೆ ಒಳ್ಳೆಯ ಉಪಕಸುಬಾಗಬಲ್ಲದು. ಊರಿನಲ್ಲಿ ಕಮ್ಮಾರರ ಸಾಣೆಕಲ್ಲು ಮಾಡುತ್ತಿದ್ದ ಕೆಲಸವನ್ನು ಈಗ ಬೆಲ್ಟ್ ಗ್ರೈಂಡರ್ ಮಾಡುತ್ತದೆ. ಆದರೆ ಯಂತ್ರದ ಆಯ್ಕೆಯಲ್ಲಿ ಎಡವಿದರೆ ನಿವೃತ್ತಿಯ ಹಣವೂ ಹೋಯಿತು, ಉಕ್ಕೂ ಕೆಟ್ಟಿತು ಎಂದಾಗುತ್ತದೆ.

ಶಕ್ತಿಗಿಂತ ವೇಗ ಮುಖ್ಯ

ಹೆಚ್ಚಿನವರು ಮೊದಲು ಕೇಳುವುದು ಮೋಟಾರು ಎಷ್ಟು ಎಚ್‌ಪಿ ಎಂದು. ಒಂದೂವರೆಯಿಂದ ಎರಡು ಎಚ್‌ಪಿ ಇದ್ದರೆ ಸಣ್ಣ ಕಾರ್ಯಾಗಾರಕ್ಕೆ ಸಾಕು. ನಿಜವಾಗಿ ಕೇಳಬೇಕಾದ್ದು, ವೇಗವನ್ನು ತಗ್ಗಿಸಲು ಬರುತ್ತದೆಯೇ ಎಂದು. ಕಾರ್ಬನ್ ಉಕ್ಕಿನ ಅಲಗಿಗೆ ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದ ಕೊಡುತ್ತಾರೆ. ಗ್ರೈಂಡರಿನ ಉಜ್ಜಾಟಕ್ಕೆ ಅದರ ಅಂಚು ಕಾದು ನೀಲಿಗಟ್ಟಿತೆಂದರೆ ಶಾಖ 300 ಡಿಗ್ರಿ ಮುಟ್ಟಿದೆ, ಅಲ್ಲಿನ ಗಡಸುತನ ಹೋಗಿದೆ ಎಂದೇ ಅರ್ಥ. ಕ್ಷೌರದ ಕತ್ತಿಯ ಅಂಚು ಬಹಳ ತೆಳು, ಕ್ಷಣಮಾತ್ರದಲ್ಲಿ ಕಾಯುತ್ತದೆ.

ಲೆಕ್ಕ ಸುಲಭ. ನಿಮಿಷಕ್ಕೆ 2880 ಸುತ್ತು ತಿರುಗುವ ಮೋಟಾರಿಗೆ 100 ಮಿ.ಮೀ. ವ್ಯಾಸದ ಚಕ್ರ ಹಾಕಿದರೆ ಬೆಲ್ಟು ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಉಕ್ಕಿನ ಪಟ್ಟಿಗೆ ಆಕಾರ ಕೊಡಲು ಇದು ಸರಿ, ಹದವಾದ ಅಲಗಿಗೆ ಹೆಚ್ಚಾಯಿತು. ಥ್ರೀ ಫೇಸ್ ಮೋಟಾರಿಗೆ ವಿಎಫ್‌ಡಿ ಎಂಬ ವೇಗ ನಿಯಂತ್ರಕ ಜೋಡಿಸಿದರೆ ವೇಗವನ್ನು ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿಸಬಹುದು. ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಇಂಥ ಮೋಟಾರು ಓಡಿಸುವ ವಿಎಫ್‌ಡಿಗಳೂ ಸಿಗುತ್ತವೆ. ಲೋಹದ ಧೂಳು ಹೊಗದಂತೆ ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಕು. ಅಮೆರಿಕದ ನಕ್ಷೆ ನೋಡಿ ಯಂತ್ರ ಕಟ್ಟಿಸುವವರು ಒಂದು ಸಂಗತಿ ಮರೆಯಬಾರದು: ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಅದೇ ಚಕ್ರ ಹಾಕಿದರೂ ಇಲ್ಲಿ ವೇಗ ಆರನೆಯ ಒಂದು ಪಾಲು ಕಡಿಮೆ.

ಚಾಕುವಿಗೆ ಸಪಾಟು, ಕತ್ತಿಗೆ ಚಕ್ರ

ಅಡುಗೆ ಚಾಕುವಿಗೆ ಬೆಲ್ಟಿನ ಹಿಂದೆ ಸಪಾಟಾದ ಉಕ್ಕಿನ ಹಲಗೆ ಇದ್ದರಾಯಿತು. ಕ್ಷೌರದ ಕತ್ತಿಯ ಎರಡೂ ಬದಿ ಒಳಗುಳಿ ಬೀಳಬೇಕಾದ್ದರಿಂದ ರಬ್ಬರು ಹೊದಿಸಿದ ಚಕ್ರ ಬೇಕು. ಚಕ್ರ ಸಣ್ಣದಾದಷ್ಟೂ ಗುಳಿ ಆಳ. ಆದ್ದರಿಂದ ಚಕ್ರ, ಹಲಗೆಗಳನ್ನು ಬದಲಿಸಿಕೊಳ್ಳಬಹುದಾದ ಯಂತ್ರವೇ ಲೇಸು. ಬೆಲ್ಟಿನ ಅಳತೆ 50 ಮಿ.ಮೀ. ಅಗಲ, 1830 ಮಿ.ಮೀ. ಉದ್ದ ಇದ್ದರೆ ಉತ್ತಮ. ಚಾಕು ತಯಾರಕರಲ್ಲಿ ಇದೇ ರೂಢಿ. ಉದ್ದದ ಬೆಲ್ಟು ಕಾಯುವುದೂ ಕಡಿಮೆ, ಬಾಳಿಕೆಯೂ ಹೆಚ್ಚು.

ಆದರೂ ಕೊನೆಯ ಕಾವಲು ಕೈಬೆರಳೇ. ಹದವಾದ ಅಲಗನ್ನು ಹೊಸ ಬೆಲ್ಟಿನಲ್ಲಿ, ಕಡಿಮೆ ವೇಗದಲ್ಲಿ, ಬರಿಗೈಯಲ್ಲಿ ಹಿಡಿದು ಉಜ್ಜಬೇಕು. ಬಿಸಿ ತಗುಲಿದೊಡನೆ ನೀರಿಗೆ ಅದ್ದಬೇಕು.

ಜಾಗ ಮತ್ತು ಕಾನೂನು

ಪ್ರಾಧಿಕರಣದ ವಸತಿ ಕಟ್ಟಡಗಳ ಬಾಲ್ಕನಿ ಈ ಕೆಲಸಕ್ಕೆ ತಕ್ಕುದಲ್ಲ. ಸದ್ದು, ಧೂಳು, ಕಿಡಿಗಳಿಂದ ನೆರೆಮನೆಯವರಿಗೆ ತೊಂದರೆ. ಭೋಸರಿ, ತಳವಡೆ ಕಡೆ ಶೆಡ್ಡಿನ ಮೂಲೆ ಬಾಡಿಗೆಗೆ ಹಿಡಿದರೂ ಕಿಡಿ ಬೀಳುವಲ್ಲಿ ಮರದ ಹುಡಿ, ಥಿನ್ನರ್ ಇರಕೂಡದು. 2023ರ ಡಿಸೆಂಬರಿನಲ್ಲಿ ತಳವಡೆಯ ಸಣ್ಣ ಮೇಣದಬತ್ತಿ ಘಟಕವೊಂದರ ಬೆಂಕಿಯಲ್ಲಿ ಹಲವು ಮಹಿಳೆಯರು ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಕನ್ನಡಕ, ಒಳ್ಳೆಯ ಮಾಸ್ಕು ಕಡ್ಡಾಯ.

ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧವೆಂದು ಎಣಿಸುತ್ತವೆ. ಮನೆಬಳಕೆ, ಕೃಷಿ, ಕೈಗಾರಿಕೆಗಾಗಿ ಮಾಡಿದವಕ್ಕೆ ವಿನಾಯಿತಿ ಇದೆ. ಅಲಂಕಾರದ ಕತ್ತಿ, ಕಠಾರಿಗಳ ಆರ್ಡರು ಹಿಡಿಯುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಕ್ಷೇಮ.

ಗಿರಾಕಿ ಯಾರು?

ಸೆಲೂನುಗಳಿಗೆ ಒಮ್ಮೆ ಬಳಸಿ ಬಿಸಾಡುವ ಬ್ಲೇಡು ಬಂದ ಮೇಲೆ ಸಾಣೆ ಹಿಡಿಯುವ ಕತ್ತಿ ಕೊಳ್ಳುವವರು ಹವ್ಯಾಸಿಗಳೇ. ದಿನದ ವ್ಯಾಪಾರ ಇರುವುದು ಅಡುಗೆ ಚಾಕುವಿನಲ್ಲಿ, ಅದಕ್ಕೂ ಮಿಗಿಲಾಗಿ ಹಳೆಯ ಚಾಕುಗಳಿಗೆ ಸಾಣೆ ಹಿಡಿಯುವುದರಲ್ಲಿ. ಪುಣೆಯಲ್ಲಿ ಕನ್ನಡಿಗರ ಹೋಟೆಲುಗಳಿಗೆ ಬರವಿಲ್ಲ. ಮೊದಲು ನಾಲ್ಕಾರು ಹೋಟೆಲುಗಳ ಕೆಲಸ ಗೊತ್ತು ಮಾಡಿಕೊಂಡು ಸಪಾಟು ಹಲಗೆಯ ಯಂತ್ರದಿಂದ ಆರಂಭಿಸಿ, ಕ್ಷೌರದ ಕತ್ತಿಯ ಚಕ್ರವನ್ನು ಗಳಿಕೆ ಬಂದ ಮೇಲೆ ಕೊಳ್ಳುವುದು ಜಾಣತನ. ಊರವರ ಕೆಲಸ ಊರವರಿಗೇ ಸಿಕ್ಕರೆ ಎರಡೂ ಕಡೆಯವರಿಗೆ ಲಾಭ.