ಸಾಲ್ಡರಿಂಗ್ ಸ್ಟೇಷನ್ ಕೊಳ್ಳುವ ಮುನ್ನ ಪ್ಲಗ್ಗು ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಲ್ಡರಿಂಗ್ ಐರನ್‌ಗೆ ಬರವಿಲ್ಲ. ಚೌಕಾಸಿ ಮಾಡಿ ಅಗ್ಗದ್ದೊಂದನ್ನು ತಂದ ಹುಡುಗ ಊರಲ್ಲಿ ರಿಪೇರಿ ಅಂಗಡಿ ತೆರೆಯುತ್ತಾನೆ. ಅಲ್ಲಿಂದ ಶುರು ಫಜೀತಿ. ಕಾವಿಗೆ ಲಗಾಮಿಲ್ಲದ ಐರನ್ ಸುಮ್ಮನಿಟ್ಟರೆ 400 ಡಿಗ್ರಿ ದಾಟಿದರೂ ದಾಟೀತು. ಬೋರ್ಡಿನ ತಾಮ್ರದ ಗೆರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಗಿರಾಕಿಯ ಟಿ.ವಿ. ಹೋಯಿತು, ಬೈಗುಳ ಬಂತು!

ಸ್ಟೇಷನ್ ಎಂದರೆ ರೈಲು ನಿಲ್ಲುವ ಜಾಗವಲ್ಲ, ಕಾವನ್ನು ಅಳೆದು ಹೇಳಿದಷ್ಟಕ್ಕೇ ನಿಲ್ಲಿಸುವ ಪೆಟ್ಟಿಗೆ. ತವರ-ಸೀಸದ 63/37 ತಂತಿ 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ್ದಕ್ಕೆ ಸುಮಾರು 217 ಬೇಕು. ಮೊನೆ 330-350ರಲ್ಲಿದ್ದರೆ ಮಾಮೂಲಿ ಕೆಲಸಕ್ಕೆ ಧಾರಾಳ. ಬೇಗ ಆಗಲಿ ಅಂತ 450ಕ್ಕೆ ಏರಿಸುವ ಮಹಾಶಯರೂ ಇದ್ದಾರೆ. ಮೊನೆ ಕಪ್ಪಾಗಿ ತವರ ಹಿಡಿಯುವುದಿಲ್ಲ. ಆಗ ಅರದಿಂದ ಉಜ್ಜುವುದು ಬೇರೆ! ಮೇಲಿನ ಕಬ್ಬಿಣದ ಲೇಪ ಹೋಗಿ ಒಳಗಿನ ತಾಮ್ರ ಹಳ್ಳ ಬೀಳುತ್ತದೆ. ಒದ್ದೆ ಸ್ಪಂಜಿಗೆ ಒರೆಸಿ, ಆರಿಸುವ ಮುನ್ನ ತವರ ಬಳಿದಿಟ್ಟರೆ ಬಹಳ ದಿನ ಬಾಳುತ್ತದೆ. ಬಿಡಿ ಮೊನೆ ಸುಲಭವಾಗಿ ಸಿಗುವಂಥದ್ದನ್ನೇ ಕೊಳ್ಳಬೇಕು.

ಅಂಗಡಿಯಲ್ಲಿ ನೋಡಬೇಕಾದ್ದು ಮಿನುಗುವ ಅಂಕಿಯನ್ನಲ್ಲ, ಪ್ಲಗ್ಗನ್ನು. ಮೂರನೇ ಪಿನ್ನಿನಿಂದ ಮೊನೆಯವರೆಗೆ ಅರ್ಥಿಂಗ್ ಇದೆಯೇ, ಮೀಟರ್ ಇಟ್ಟು ತೋರಿಸಿ ಅನ್ನಿ. ಇಲ್ಲದಿದ್ದರೆ ಐ.ಸಿ. ಸದ್ದಿಲ್ಲದೆ ಸಾಯುತ್ತದೆ, ಗ್ರಹಚಾರ ಕೆಟ್ಟರೆ ಹುಡುಗನಿಗೇ ಶಾಕ್. ಆದರೆ ಎಷ್ಟೋ ಹಳೆ ಮಳಿಗೆಗಳ ಗೋಡೆಯಲ್ಲಿ ಆ ಮೂರನೇ ತೂತು ಬರೀ ತೋರಿಕೆಗೆ. ಹಿಂದೆ ತಂತಿಯೇ ಇಲ್ಲ! ತಿಂಗಳು ತಪ್ಪದೆ ಬಾಡಿಗೆ ಎಣಿಸುವ ಮಾಲೀಕರು ಇದನ್ನೊಮ್ಮೆ ಬಿಚ್ಚಿ ನೋಡಿಸುತ್ತಾರೆಯೇ?