ಪುಡಿಯಾಗಲೆಂದೇ ಮಾಡಿದ ಗಾಜು

ಕಾರಿನ ಮುಂದಿನ ಗಾಜಿಗೆ ಕಲ್ಲು ಬಡಿದರೆ ಒಂದು ಬಿರುಕು ಮೂಡುತ್ತದೆ. ಅದು ದಿನದಿಂದ ದಿನಕ್ಕೆ ಇಷ್ಟಿಷ್ಟೇ ಬೆಳೆಯುತ್ತ ಹೋದರೂ ಗಾಜು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಹಿಂದಿನ ಗಾಜಿನ ಕಥೆ ಬೇರೆ. ರಸ್ತೆ ಬದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದಿಂದ ಸಿಡಿದ ಒಂದು ಹರಳು ಬಲವಾಗಿ ತಾಗಿದರೆ ಸಾಕು, ಪಟ್ ಎಂದು ಸದ್ದಾಗಿ ಇಡೀ ಗಾಜು ಕಲ್ಲುಸಕ್ಕರೆಯಂಥ ಚೂರುಗಳಾಗಿ ಡಿಕ್ಕಿಯೊಳಕ್ಕೆ ಸುರಿಯುತ್ತದೆ. ಅರ್ಧಂಬರ್ಧ ಒಡೆಯುವುದು ಅದಕ್ಕೆ ಗೊತ್ತೇ ಇಲ್ಲ. ಒಂದೋ ಇಡಿಯಾಗಿರುತ್ತದೆ, ಇಲ್ಲವೇ ಪುಡಿಯಾಗಿರುತ್ತದೆ.

ಈ ಗಾಜನ್ನು ಬದಲಿಸುವುದು ಮನೆಯ ಕಿಟಕಿಗೆ ಹೊಸ ಗಾಜು ಕೂರಿಸಿದಷ್ಟೇ ಸಲೀಸು ಎಂದುಕೊಳ್ಳುವವರು ಬಹಳ. ಕಾರು ಹೈಬ್ರಿಡ್ ಎಸ್‌ಯುವಿ ಆಗಿದ್ದರೆ ಹಾಗೆ ಅಂದುಕೊಳ್ಳುವುದು ದುಬಾರಿಯಾದೀತು. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಅದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ ಕಾರುಗಳ ಹೈಬ್ರಿಡ್ ಮಾದರಿಗಳನ್ನೇ ನೋಡಿ. ಅವುಗಳ ಹಿಂಗಾಜಿನ ಕೆಳಗೆ, ಡಿಕ್ಕಿಯ ನೆಲದಡಿ, 177.6 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ ಕೂತಿದೆ. ಗಾಜಿನ ಚೂರು ಸುರಿಯುವುದು ಅದರ ನೆತ್ತಿಯ ಮೇಲೆಯೇ.

ಗಾಜು ಯಾಕೆ ಹೀಗೆ ಪುಡಿಯಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಕಾರ್ಖಾನೆಯಲ್ಲಿ ಈ ಗಾಜನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚು ಉಜ್ಜಿ, ವೈಪರ್ ದಂಡಕ್ಕೆ ತೂತು ಬೇಕಿದ್ದರೆ ಅದನ್ನೂ ಕೊರೆದು, ಆಮೇಲೆ ಕುಲುಮೆಗೆ ಕಳಿಸುತ್ತಾರೆ. 600 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಾಜು ಮೆತ್ತಗಾಗಿ ಡಿಕ್ಕಿ ಬಾಗಿಲಿನ ಬಾಗಿಗೆ ಹೊಂದಿಕೊಳ್ಳುತ್ತದೆ. ಆ ಕ್ಷಣದಲ್ಲಿ ಎರಡೂ ಬದಿಯಿಂದ ನೂರಾರು ರಂಧ್ರಗಳ ಮೂಲಕ ತಂಗಾಳಿಯನ್ನು ರಭಸದಿಂದ ಊದುತ್ತಾರೆ. ಹೊರಮೈ ತಟ್ಟನೆ ಗಟ್ಟಿಯಾಗುತ್ತದೆ, ಒಳಗಿನ ಗಾಜು ಇನ್ನೂ ಬಿಸಿಯಾಗಿರುತ್ತದೆ. ನಿಧಾನವಾಗಿ ಆರುವ ಒಳಭಾಗ ಕುಗ್ಗಲು ನೋಡುತ್ತದೆ, ಆಗಲೇ ಗಟ್ಟಿಯಾದ ಹೊರಮೈ ಬಿಟ್ಟುಕೊಡುವುದಿಲ್ಲ. ಈ ಜಗ್ಗಾಟ ಗಾಜಿನೊಳಗೆ ಶಾಶ್ವತವಾಗಿ ಉಳಿದುಬಿಡುತ್ತದೆ. ಹೊರಮೈ ಸದಾ ಒತ್ತಡದಲ್ಲಿ, ಒಳಭಾಗ ಸದಾ ಸೆಳೆತದಲ್ಲಿ. ಪೂರ್ತಿ ಹದಗೊಳಿಸಿದ (ಟೆಂಪರ್ಡ್) ಗಾಜು ಎನ್ನಿಸಿಕೊಳ್ಳಲು ಮೇಲ್ಮೈಯ ಒತ್ತಡ ಕನಿಷ್ಠ 69 ಮೆಗಾಪಾಸ್ಕಲ್ ಇರಬೇಕು, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 700 ಕಿಲೋ ಭಾರ.

ಗಾಜು ಒಡೆಯುವುದು ಮೇಲ್ಮೈಯ ಸಣ್ಣ ಗೀರು ಬಾಯಿ ತೆರೆದಾಗ. ಹೊರಮೈಯನ್ನು ಇಷ್ಟು ಬಲವಾಗಿ ಒತ್ತಿ ಹಿಡಿದಿರುವುದರಿಂದ ಗೀರು ಬಾಯಿ ತೆರೆಯುವುದು ಕಷ್ಟ. ಹಾಗಾಗಿ ಟೆಂಪರ್ಡ್ ಗಾಜು ಅಷ್ಟೇ ದಪ್ಪದ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದರೆ ಆ ಒತ್ತಡದ ಪದರ ಪ್ರತಿ ಬದಿಯಲ್ಲೂ ಗಾಜಿನ ದಪ್ಪದ ಐದನೇ ಒಂದು ಭಾಗದಷ್ಟು ಮಾತ್ರ. ಮೂರೂವರೆ ಮಿಲಿಮೀಟರ್ ಗಾಜಿನಲ್ಲಿ ಅದು ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಚೂಪಾದ ಹರಳು ಅದನ್ನು ದಾಟಿ ಒಳಗಿನ ಸೆಳೆತದ ವಲಯಕ್ಕೆ ತಾಗಿತೋ, ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಬಿರುಕು ಕವಲೊಡೆಯುತ್ತ ಓಡುತ್ತದೆ.

ಈ ಗುಟ್ಟು ಬಿಡಿಸಲು ವಿಜ್ಞಾನಿಗಳಿಗೆ ಮುನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿದರೆ ಇದೇ ಗುಣದ, ಉದ್ದ ಬಾಲದ ಹನಿಯೊಂದು ತಯಾರಾಗುತ್ತದೆ. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೂ ತಡೆದುಕೊಳ್ಳುತ್ತದೆ, ಬಾಲ ಮುರಿದರೆ ಇಡೀ ಹನಿ ಸಿಡಿದು ಪುಡಿಯಾಗುತ್ತದೆ. 1660ರಲ್ಲಿ ರಾಜಕುಮಾರ ರೂಪರ್ಟ್ ಇದನ್ನು ಇಂಗ್ಲೆಂಡಿಗೆ ತಂದದ್ದರಿಂದ ರೂಪರ್ಟನ ಹನಿ ಎಂದೇ ಹೆಸರಾಯಿತು. ವಿಜ್ಞಾನಿ ರಾಬರ್ಟ್ ಹುಕ್ 1665ರ ತನ್ನ ಮೈಕ್ರೋಗ್ರಾಫಿಯಾ ಪುಸ್ತಕದಲ್ಲಿ ಇದರ ಬಗ್ಗೆ ಬರೆದ. 1994ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರ್ ಮತ್ತು ಕೇಂಬ್ರಿಜ್‌ನ ಮುನವ್ವರ್ ಚೌಧರಿ ಅತಿವೇಗದ ಕ್ಯಾಮೆರಾ ಹಿಡಿದು, ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಓಡುವುದನ್ನು ಅಳೆದರು. ಕಾರಿನ ಹಿಂಗಾಜಿನಲ್ಲೂ ಬಿರುಕಿನ ವೇಗ ಹೆಚ್ಚುಕಡಿಮೆ ಅಷ್ಟೇ. ಮೀಟರಿಗೂ ತುಸು ಅಗಲದ ಗಾಜು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ.

ಗಾಜಿನೊಳಗಿನ ಈ ಜಗ್ಗಾಟವನ್ನು ನೀವೇ ನೋಡಬಹುದು. ಪೋಲರಾಯ್ಡ್ ಕಪ್ಪು ಕನ್ನಡಕ ಹಾಕಿಕೊಂಡು, ತಿಳಿಯಾದ ಆಕಾಶವಿದ್ದಾಗ ನಿಂತಿರುವ ಕಾರಿನ ಹಿಂಗಾಜನ್ನು ಓರೆಯಾಗಿ ನೋಡಿ. ಸಾಲು ಸಾಲು ಮಸುಕು ಚುಕ್ಕೆಗಳೋ ಪಟ್ಟಿಗಳೋ ಕಾಣುತ್ತವೆ. ಕನ್ನಡಕ ತೆಗೆದರೆ ಅವು ಮಾಯ. ಗಾಜು ತಯಾರಾಗುವಾಗ ತಂಗಾಳಿ ನೇರವಾಗಿ ಬಡಿದ ಜಾಗಗಳ ಗುರುತು ಅವು. ಒತ್ತಡದಲ್ಲಿರುವ ಗಾಜು ಧ್ರುವೀಕೃತ ಬೆಳಕಿನ ನಡೆಯನ್ನು ಬದಲಿಸುತ್ತದೆ ಎಂದು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರ ಸುಮಾರಿಗೆ ಕಂಡುಹಿಡಿದ. ಗಾಜಿನ ಕಾರ್ಖಾನೆಗಳು ಒತ್ತಡ ಅಳೆಯುವುದು ಇಂದಿಗೂ ಇದೇ ತತ್ವದಿಂದ.

ಇಂಥ ಸಿಡುಕಿನ ಗಾಜನ್ನು ಕಾರಿಗೆ ಹಾಕುವುದೇಕೆ? ಸಾದಾ ಗಾಜು ಒಡೆದರೆ ಕತ್ತಿಯಂಥ ಸೀಳುಗಳಾಗುತ್ತವೆ, ಇದು ಮೊಂಡು ಅಂಚಿನ ಚೂರಾಗುತ್ತದೆ. ಐದು ಸೆಂಟಿಮೀಟರ್ ಚೌಕದಲ್ಲಿ ಕನಿಷ್ಠ 40 ಚೂರುಗಳಾಗಬೇಕು ಎಂಬುದು ವಾಹನದ ಗಾಜಿಗೆ ಅಂತಾರಾಷ್ಟ್ರೀಯವಾಗಿ ಇರುವ ಪರೀಕ್ಷೆ. ಅದಕ್ಕಿಂತ ಕಡಿಮೆ ಚೂರು ಬಂದರೆ ಗಾಜು ಫೇಲ್. ಅಪಘಾತದಲ್ಲಿ ಬಾಗಿಲು ತೆರೆಯದೆ ಹೋದರೆ ಚೂಪು ಮೊನೆಯ ಸುತ್ತಿಗೆಯಿಂದ ಮೂಲೆಗೆ ಒಂದೇಟು ಹಾಕಿ ಹೊರಬರುವುದಕ್ಕೂ ಇದೇ ದಾರಿ. ಮುಂದಿನ ಗಾಜಿನ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿದ್ದು ಚೂರುಗಳನ್ನು ಹಿಡಿದಿಡುತ್ತದೆ. ವೇಗವಾಗಿ ಹೋಗುವಾಗ ಎದುರಿನಿಂದ ಬರುವ ಕಲ್ಲಿಗೆ ಅದೇ ಸರಿ. ಹಿಂದಿನ ಗಾಜಿಗೆ ಪುಡಿಯಾಗುವುದೇ ಗುಣ.

ಹಿಂಗಾಜಿನ ಇನ್ನೊಂದು ಕೆಲಸ ವಿದ್ಯುತ್ತಿನದು. ಅದರ ಒಳಮೈಯಲ್ಲಿ ಕಾಣುವ ಕಂದು ಗೆರೆಗಳು ಬೆಳ್ಳಿಯ ಪುಡಿ ಬೆರೆಸಿದ ಲೇಪ. ಗಾಜನ್ನು ಕುಲುಮೆಗೆ ಕಳಿಸುವ ಮುನ್ನ ಅಚ್ಚೊತ್ತಿದ್ದು, ಕಾದಾಗ ಗಾಜಿಗೇ ಅಂಟಿ ಒಂದಾಗಿದೆ. ಕರೆಂಟು ಹರಿದಾಗ ಈ ಗೆರೆಗಳು ಬಿಸಿಯಾಗಿ ಗಾಜಿನ ಮೇಲಿನ ಮಂಜನ್ನು ಅಳಿಸುತ್ತವೆ. ಎರಡು ಅಂಚಿನ ಅಗಲ ಪಟ್ಟಿಗಳ ನಡುವೆ ಎಲ್ಲ ಗೆರೆಗಳೂ ಸಮಾಂತರವಾಗಿ ಸೇರಿರುವುದರಿಂದ ಒಂದು ತುಂಡಾದರೆ ಆ ಗೆರೆಯ ಜಾಗದಲ್ಲಷ್ಟೇ ಮಂಜು ಉಳಿಯುತ್ತದೆ. ಆಗುಂಬೆಯ ಮಳೆಯಲ್ಲೋ ಮಡಿಕೇರಿಯ ಬೆಳಗಿನಲ್ಲೋ ಡಿಫಾಗರ್ ಗುಂಡಿ ಒತ್ತಿದವರಿಗೆ ಇದರ ಬೆಲೆ ಗೊತ್ತು. ಹಲವು ಕಾರುಗಳಲ್ಲಿ ರೇಡಿಯೊ ಆಂಟೆನಾ ಕೂಡ ಇದೇ ಗಾಜಿನ ಮೇಲೆ ಗೆರೆಯಾಗಿ ಕೂತಿರುತ್ತದೆ.

ಹೈಬ್ರಿಡ್‌ನಲ್ಲಿ ಈ ಗೆರೆಗಳಿಗೆ ಕರೆಂಟು ಬರುವ ದಾರಿಯೇ ಬೇರೆ. ಟೊಯೋಟಾದ ಈ ವ್ಯವಸ್ಥೆಯಲ್ಲಿ ಮಾಮೂಲಿ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಒಂದು ಪರಿವರ್ತಕ 12 ವೋಲ್ಟಿಗೆ ಇಳಿಸಿ ದೀಪ, ವೈಪರ್, ಡಿಫಾಗರ್‌ಗಳಿಗೆ ಹಂಚುತ್ತದೆ. ಡಿಫಾಗರ್ 15 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ 180 ವಾಟ್ ಆಯಿತು. ಕಾಲು ಗಂಟೆಗೆ 45 ವಾಟ್-ಗಂಟೆ. ಹೈರೈಡರ್‌ನ ಬ್ಯಾಟರಿಯ ಒಟ್ಟು ಸಾಮರ್ಥ್ಯ 760 ವಾಟ್-ಗಂಟೆ. ಅಂದರೆ ಗಾಜು ಒರೆಸುವ ಈ ಕೆಲಸಕ್ಕೆ ಬ್ಯಾಟರಿಯ ನೂರರಲ್ಲಿ ಆರು ಪಾಲು ಖರ್ಚು, ಅದನ್ನು ತುಂಬಿಕೊಡಬೇಕಾದದ್ದು ಕೊನೆಗೆ ಪೆಟ್ರೋಲೇ. ಗಾಜು ತಿಳಿಯಾದೊಡನೆ ಗುಂಡಿ ಆರಿಸುವುದು ಒಳ್ಳೆಯ ಅಭ್ಯಾಸ.

ಇನ್ನು ಗಾಜು ಒಡೆದ ಮೇಲಿನ ಮಾತು. ಎಸ್‌ಯುವಿಯ ಬೆನ್ನು ಚಪ್ಪಟೆ. ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ತಗ್ಗಿ ಸುಳಿ ಏಳುತ್ತದೆ, ಧೂಳು ಮತ್ತು ಸೈಲೆನ್ಸರ್ ಹೊಗೆ ಆ ಸುಳಿಯಲ್ಲಿ ಸುತ್ತುತ್ತಿರುತ್ತವೆ. ಎಸ್‌ಯುವಿಗಳ ಹಿಂಗಾಜಿಗೆ ವೈಪರ್ ಬೇಕಾಗುವುದೂ ಇದರಿಂದಲೇ. ಗಾಜಿಲ್ಲದೆ ಓಡಿಸಿದರೆ ಆ ಹೊಗೆ ಕಾರಿನೊಳಕ್ಕೆ ಬರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಅಂಟಿಸಿ, ಮುಂದಿನ ಕಿಟಕಿ ತುಸು ತೆರೆದು, ಹತ್ತಿರದ ಗ್ಯಾರೇಜಿಗಷ್ಟೇ ನಿಧಾನವಾಗಿ ಹೋಗಬೇಕು.

ಗ್ಯಾರೇಜಿನಲ್ಲಿ ಮೊದಲ ಕೆಲಸ ಚೂರು ಹೆಕ್ಕುವುದು. ಬೇಸರದ ಕೆಲಸ, ಆದರೆ ಹೈಬ್ರಿಡ್ ಕಾರಿಗೆ ಇದೇ ಮುಖ್ಯ. ಪ್ರಿಯಸ್ ಕಾರಿನ ಕಾಲದಿಂದಲೂ ಟೊಯೋಟಾದ ಹಲವು ಹೈಬ್ರಿಡ್‌ಗಳು ಕಾರಿನೊಳಗಿನ ಗಾಳಿಯನ್ನೇ ಫ್ಯಾನಿನಿಂದ ಎಳೆದು ಬ್ಯಾಟರಿ ತಂಪು ಮಾಡುತ್ತವೆ. ಆ ಗಾಳಿಯ ಕಿಂಡಿ ಹಿಂದಿನ ಸೀಟಿನ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಗಾಜಿನ ಪುಡಿ ಸೇರಿದರೆ ಗಾಳಿಯ ದಾರಿಗೆ ಅಡ್ಡ, ಫ್ಯಾನಿಗೂ ಕೇಡು. ವ್ಯಾಕ್ಯೂಮ್ ಕ್ಲೀನರ್ ಹಿಡಿಯುವವರು ಡಿಕ್ಕಿಯ ಚಾಪೆ ಎತ್ತಬೇಕು, ಬಾಗಿಲಿನ ಒಳಹಲಗೆ ಬಿಚ್ಚಿ ವೈಪರ್ ಮೋಟಾರು ಮತ್ತು ಲಾಕಿನ ಸಂದಿ ನೋಡಬೇಕು, ಹಿಂದಿನ ಸೀಟ್ ಬೆಲ್ಟುಗಳನ್ನು ಪೂರ್ತಿ ಎಳೆದು ಕೊಡವಬೇಕು.

ಕೆಲಸ ಶುರುವಾಗುವ ಮುನ್ನ ಕಾರು ನಿಜಕ್ಕೂ ಆಫ್ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಹೈಬ್ರಿಡ್ ಸದ್ದಿಲ್ಲದೆ ನಿಂತಿದ್ದರೂ ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ದೀಪ ಉರಿಯುತ್ತಿದ್ದರೆ ಅದು ಓಡಲು ಸಿದ್ಧವಾಗಿದೆ, ಎಂಜಿನ್ ತಾನಾಗಿಯೇ ಚಾಲೂ ಆಗಬಹುದು. ಕೀಲಿಯನ್ನು ಕಾರಿನಿಂದ ದೂರ ಇಡುವುದು ಕ್ಷೇಮ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಬಾರದು, ಜೀವ ತೆಗೆಯುವ ವೋಲ್ಟೇಜ್ ಹರಿಯುವ ಕೇಬಲ್ ಅದು. ಗಾಜು ಬದಲಿಸಲು ಅದನ್ನು ಮುಟ್ಟುವ ಅಗತ್ಯವೂ ಇಲ್ಲ.

ಹೊಸ ಗಾಜನ್ನು ಹಿಡಿದಿಡುವುದು ಕಪ್ಪು ಪಾಲಿಯುರಿಥೇನ್ ಅಂಟು. ಹಳೆಯ ಅಂಟನ್ನು ಬುಡದವರೆಗೆ ಕೆರೆಯದೆ ಒಂದೆರಡು ಮಿಲಿಮೀಟರ್ ಉಳಿಸಿ ಸಮ ಮಾಡುತ್ತಾರೆ. ಹೊಸ ಅಂಟಿಗೆ ಅದಕ್ಕಿಂತ ಒಳ್ಳೆಯ ತಳಪಾಯ ಬೇರೆ ಇಲ್ಲ. ಚಾಕು ತಾಗಿ ಬಣ್ಣ ಕಿತ್ತುಹೋದ ಕಡೆ ಪ್ರೈಮರ್ ಹಚ್ಚದಿದ್ದರೆ ಅಲ್ಲಿ ತುಕ್ಕು ಹಿಡಿದು, ಅಂಟು ತುಕ್ಕಿನ ಸಮೇತ ಎದ್ದುಬರುತ್ತದೆ. ಅಂಟು ಹಾಕುವ ಗನ್ನಿನ ಮೂತಿಯನ್ನು ಇಂಗ್ಲಿಷ್ 'ವಿ' ಆಕಾರಕ್ಕೆ ಕತ್ತರಿಸಿಕೊಂಡು, ಎಲ್ಲೂ ಕಡಿಯದಂತೆ ಒಂದೇ ಎತ್ತರದ ತ್ರಿಕೋನ ಗೆರೆ ಎಳೆಯುವುದು ಕಸುಬುದಾರನ ಕೈಚಳಕ. ಗೆರೆಯಲ್ಲಿ ಬೆರಳಗಲ ಖಾಲಿ ಬಿಟ್ಟರೂ ಮೊದಲ ಮಳೆಗೆ ಡಿಕ್ಕಿಯೊಳಗೆ ನೀರು ಇಳಿಯುತ್ತದೆ. ಅದರ ನೆಲದಡಿ ಬ್ಯಾಟರಿ ಇರುವ ಕಾರಿನಲ್ಲಿ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗಾಜಿನ ಸುತ್ತಲಿನ ಕಪ್ಪು ಅಂಚು ಕೂಡ ಅಲಂಕಾರಕ್ಕಿರುವುದಲ್ಲ. ಬಿಸಿಲಿನ ಅತಿನೇರಳೆ ಕಿರಣ ಅಂಟನ್ನು ತಿನ್ನದಂತೆ ಅದು ಮರೆ ಹಿಡಿಯುತ್ತದೆ.

ಈ ಅಂಟು ಒಣಗಿ ಗಟ್ಟಿಯಾಗುವುದಿಲ್ಲ, ತೇವ ಕುಡಿದು ಗಟ್ಟಿಯಾಗುತ್ತದೆ. ಅದರಲ್ಲಿರುವ ಐಸೊಸಯನೇಟ್ ಅಣುಗಳು ಗಾಳಿಯ ನೀರಾವಿಯೊಂದಿಗೆ ವರ್ತಿಸಿ ಉದ್ದ ಸರಪಳಿಗಳಾಗಿ ಹೆಣೆದುಕೊಳ್ಳುತ್ತವೆ. ಮೇಲೆ ಕೆಲವೇ ನಿಮಿಷಗಳಲ್ಲಿ ಸಿಪ್ಪೆ ಕಟ್ಟುತ್ತದೆ, ಒಳಗೆ ದಿನಕ್ಕೆ ಸುಮಾರು 3–4 ಮಿಲಿಮೀಟರ್‌ನಷ್ಟೇ ಗಟ್ಟಿಯಾಗುತ್ತ ಸಾಗುತ್ತದೆ. ಹಾಗಾಗಿ ಮಂಗಳೂರಿನ ಆರ್ದ್ರ ಗಾಳಿಯಲ್ಲಿ ಬೇಗ ಕೂರುವ ಅಂಟಿಗೆ ಬಳ್ಳಾರಿಯ ಒಣ ಹವೆಯಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ. ಅಂಟಿನ ಟ್ಯೂಬಿನ ಮೇಲೆ ತಯಾರಕರು ಕೊಟ್ಟ ಸಮಯವನ್ನು ಕಡಿತ ಮಾಡುವ ಹಕ್ಕು ಗ್ಯಾರೇಜಿಗೂ ಇಲ್ಲ, ಮಾಲೀಕರಿಗೂ ಇಲ್ಲ.

ಗಾಜು ಕೂತ ಮೇಲೆ ಡಿಫಾಗರ್, ವೈಪರ್, ಬ್ರೇಕ್ ದೀಪ, ಹಿಂದಿನ ಕ್ಯಾಮೆರಾ ಎಲ್ಲವನ್ನೂ ಹಾಕಿ ನೋಡಿ. ಗಾಜಿನ ಮೂಲೆಯಲ್ಲಿ ಐಎಸ್ 2553 ಸಂಖ್ಯೆಯೊಂದಿಗೆ ಐಎಸ್‌ಐ ಮುದ್ರೆ ಇರಬೇಕು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು ಬೆಳಕು ಬಿಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಸಮಗ್ರ ವಿಮೆ ಇದ್ದವರಿಗೆ ಒಂದು ಅನುಕೂಲವಿದೆ: ಗಾಜಿನ ಭಾಗಗಳಿಗೆ ಸವಕಳಿ ಎಂದು ಹಣ ಹಿಡಿಯುವಂತಿಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಕೈತಪ್ಪಬಹುದು, ಎರಡನ್ನೂ ತೂಗಿ ನೋಡಿ ನಿರ್ಧರಿಸಿ.

ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇವೆ ಎನ್ನುವ ಅಂಗಡಿಯನ್ನು ಹುಡುಕಬೇಡಿ. ಚೂರನ್ನು ಪೂರ್ತಿ ತೆಗೆಯುತ್ತೀರಾ, ಯಾವ ಅಂಟು ಹಾಕುತ್ತೀರಾ, ಅದು ಕೂರಲು ಎಷ್ಟು ಹೊತ್ತು ಬೇಕು ಎಂಬ ಮೂರು ಪ್ರಶ್ನೆ ಕೇಳಿ. ನೇರ ಉತ್ತರ ಕೊಡುವವರ ಕೈಗೆ ಕಾರನ್ನು ಒಪ್ಪಿಸಿ, ಆ ದಿನದ ಮಟ್ಟಿಗೆ ಅಲ್ಲೇ ಬಿಟ್ಟು ಬನ್ನಿ. ಮನೆಗೆ ತಂದ ಮೇಲೂ ಎರಡು ದಿನ ವಾಟರ್ ಸರ್ವಿಸ್ ಬೇಡ, ಡಿಕ್ಕಿ ಬಾಗಿಲನ್ನು ರಪ್ಪೆಂದು ಹಾಕುವುದು ಬೇಡ, ಒಂದು ಕಿಟಕಿಯನ್ನು ಬೆರಳಗಲ ಇಳಿಸಿಡಿ. ಇಷ್ಟು ತಾಳ್ಮೆ ತೋರಿದರೆ ಹೊಸ ಗಾಜು ಕಾರಿನ ಆಯುಸ್ಸು ಮುಗಿಯುವವರೆಗೂ ಭದ್ರವಾಗಿ ಉಳಿಯಬಲ್ಲದು.