ಮಿಠೀ ನದಿಯ ನೆರೆ ಮತ್ತು ಅದರ ಗಣಿತ

೧

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಮಳೆ ಅಪರಿಚಿತವಾದುದಲ್ಲ. ಆಗುಂಬೆಯ ಮಳೆಯನ್ನೂ ಕರಾವಳಿಯ ಆಷಾಢವನ್ನೂ ಕಂಡು ಬಂದವರು ಇಲ್ಲಿನ ಮಳೆಗಾಲವನ್ನು ನೋಡಿ ಬೆರಗಾಗಬೇಕಾದ ಕಾರಣವೇನೂ ಇಲ್ಲ. ಆದರೆ ಊರಿನಲ್ಲಿ ಗದ್ದೆ ತೋಡುಗಳನ್ನು ತುಂಬಿ ಹೊಳೆಯ ಮೂಲಕ ಕಡಲನ್ನು ಸೇರುವ ಅಂಥದೇ ಮಳೆಯ ನೀರು ಇಲ್ಲಿ ಮನೆಗಳನ್ನು ಹೊಕ್ಕು ಪ್ರಾಣಹಾನಿಯನ್ನುಂಟುಮಾಡುವುದೇಕೆ ಎಂಬ ಪ್ರಶ್ನೆ ಆಲೋಚನೆಗೆ ಯೋಗ್ಯವಾಗಿದೆ. ಈ ಪ್ರಶ್ನೆಯನ್ನು ಅಳತೆಗೂ ಲೆಕ್ಕಕ್ಕೂ ಒಳಪಡಿಸುವ ಶಾಸ್ತ್ರವೇ ಜಲವಿಜ್ಞಾನ. ಬಿದ್ದ ಮಳೆಯಲ್ಲಿ ಎಷ್ಟು ಭಾಗ ನೆಲದಲ್ಲಿ ಇಂಗುತ್ತದೆ, ಎಷ್ಟು ಭಾಗ ಹರಿಯುತ್ತದೆ, ಹರಿದುದು ಎಷ್ಟು ಹೊತ್ತಿಗೆ ಯಾವ ಸ್ಥಳದಲ್ಲಿ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಲು ಯತ್ನಿಸುವ ಲೆಕ್ಕದ ಚೌಕಟ್ಟಿಗೆ ಆ ಶಾಸ್ತ್ರದಲ್ಲಿ ‘ಮಾದರಿ’ ಎಂದು ಹೆಸರು. ಪವಾಯಿಯ ಬದಿಯಲ್ಲಿ ಹುಟ್ಟುವ ಮಿಠೀ ನದಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾದರಿಯ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮಿಠೀ ಬಹು ಚಿಕ್ಕ ನದಿ. ಅದರ ಉದ್ದ ಸುಮಾರು ೧೮ ಕಿಲೋಮೀಟರು; ಅದಕ್ಕೆ ನೀರುಣಿಸುವ ಜಲಾನಯನ ಪ್ರದೇಶ ಸುಮಾರು ೭೩ ಚದರ ಕಿಲೋಮೀಟರು. ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿಯ ನೀರು ಕೂಡಿ ನದಿಯಾಗಿ, ಸಾಕಿನಾಕಾ, ಕುರ್ಲಾ, ಕಲಿನಾ, ಧಾರಾವಿಗಳನ್ನು ಹಾದು ಮಾಹಿಮಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೇಲ್ಭಾಗದಲ್ಲಿ ಗುಡ್ಡದ ಇಳಿಜಾರಿರುವುದರಿಂದ ನೀರು ವೇಗವಾಗಿ ಇಳಿಯುತ್ತದೆ. ಕೆಳಭಾಗ ಬಹುಮಟ್ಟಿಗೆ ಸಮತಟ್ಟಾಗಿದ್ದು ಕಡಲಿನ ಉಬ್ಬರವಿಳಿತಗಳಿಗೆ ಒಳಪಟ್ಟಿದೆ.

ಈ ನದಿಯ ತಲೆಯಲ್ಲಿರುವ ಎರಡು ಕೆರೆಗಳೂ ಮನುಷ್ಯನಿರ್ಮಿತವಾದವು. ವಿಹಾರ ಕೆರೆಯು ೧೮೬೦ರಲ್ಲಿ ಮುಗಿಯಿತು. ಪವಾಯಿ ಕೆರೆಯನ್ನು ೧೮೯೦ರ ಸುಮಾರಿಗೆ ಕಟ್ಟಲಾಯಿತು. ಎರಡರ ಉದ್ದೇಶವೂ ನಗರಕ್ಕೆ ಕುಡಿಯುವ ನೀರನ್ನು ಒದಗಿಸುವುದಾಗಿತ್ತು. ಪವಾಯಿಯ ನೀರು ಕ್ರಮೇಣ ಕುಡಿಯಲು ಅನರ್ಹವಾಗಿ, ಈಗ ಕೈಗಾರಿಕೆಯಂತಹ ಇತರ ಉಪಯೋಗಗಳಿಗೆ ಮಾತ್ರ ಸಲ್ಲುತ್ತಿದೆ. ೧೯೫೮ರಲ್ಲಿ ಸ್ಥಾಪಿತವಾದ ಭಾರತೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಮುಂಬಯಿಯ ಐಐಟಿ, ಇದೇ ಕೆರೆಯ ಅಂಚಿನಲ್ಲಿದೆ.

ನದಿಯ ಬಾಯಿಯ ಕಥೆಯೂ ಗಮನಾರ್ಹವಾದುದು. ೧೮೪೫ರಲ್ಲಿ ಸಂಚಾರಕ್ಕೆ ತೆರೆದ ಮಾಹಿಮಿನ ಸೇತುರಸ್ತೆ ಕಡಲಿನ ಕಡೆಯ ದಾರಿಯನ್ನು ಕಿರಿದುಗೊಳಿಸಿತು. ವಿಮಾನ ನಿಲ್ದಾಣದ ವಿಸ್ತರಣೆಯಲ್ಲಿ ನದಿಯ ಪಾತ್ರವನ್ನು ತಿರುಗಿಸಿ, ಓಡುದಾರಿಯ ಅಡಿಯಲ್ಲಿ ಸಾಗಿಸಲಾಯಿತು. ಒಂದು ಕಾಲದಲ್ಲಿ ಭರತದ ನೀರು ಹರಡಿಕೊಳ್ಳುತ್ತಿದ್ದ ಜೌಗುನೆಲದ ಮೇಲೆ ಈಗ ಬಾಂದ್ರಾ-ಕುರ್ಲಾ ಸಂಕೀರ್ಣದ ಭವನಗಳು ನಿಂತಿವೆ. ಉತ್ತರ ಕನ್ನಡದ ಗಜನಿ ಭೂಮಿಯನ್ನೂ ಹೊಳೆಯ ಅಳಿವೆಯ ಕಾಂಡ್ಲ ಗಿಡಗಳನ್ನೂ ಬಲ್ಲವರಿಗೆ ಅಂಥ ಜೌಗುನೆಲದ ಕೆಲಸವೇನೆಂಬುದನ್ನು ವಿವರಿಸಬೇಕಾಗಿಲ್ಲ. ಹೆಚ್ಚಿದ ನೀರನ್ನು ಕೆಲವು ಗಂಟೆಗಳ ಕಾಲ ತನ್ನಲ್ಲಿ ಹಿಡಿದಿಟ್ಟುಕೊಂಡು, ಇಳಿತದ ವೇಳೆಗೆ ಮೆಲ್ಲಗೆ ಬಿಟ್ಟುಕೊಡುವ ಉಗ್ರಾಣ ಅದು.

೩

ನೆರೆಯ ಲೆಕ್ಕದಲ್ಲಿ ಅತ್ಯಂತ ಸರಳವಾದ ಸೂತ್ರವನ್ನು ೧೮೫೧ರಲ್ಲಿ ಐರ್ಲೆಂಡಿನ ಎಂಜಿನಿಯರ್ ಮಲ್ವೇನಿ ಪ್ರಕಟಿಸಿದನು. ಮಳೆಯ ತೀವ್ರತೆ, ಜಲಾನಯನದ ವಿಸ್ತಾರ, ಹರಿವಿನ ಗುಣಾಂಕ ಈ ಮೂರನ್ನೂ ಗುಣಿಸಿದರೆ ಪ್ರವಾಹದ ಗರಿಷ್ಠ ಪ್ರಮಾಣ ದೊರೆಯುತ್ತದೆ. ಹರಿವಿನ ಗುಣಾಂಕವೆಂದರೆ ಬಿದ್ದ ಮಳೆಯಲ್ಲಿ ಇಂಗದೆ ಹರಿದು ಹೋಗುವ ಪಾಲು. ಕಾಡು ಹುಲ್ಲುಗಾವಲುಗಳಲ್ಲಿ ಅದು ಅಲ್ಪ. ಡಾಂಬರು ಮತ್ತು ಸಿಮೆಂಟಿನ ನೆಲದಲ್ಲಿ ಅದು ಒಂದಕ್ಕೆ ಸಮೀಪಿಸುತ್ತದೆ.

ಈ ಗುಣಾಂಕದ ಮಹತ್ತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮುಂಬಯಿಯ ಹಳೆಯ ಚರಂಡಿಗಳನ್ನು ಗಂಟೆಗೆ ೨೫ ಮಿಲಿಮೀಟರು ಮಳೆ ಬೀಳುವುದೆಂದೂ ಅದರಲ್ಲಿ ಅರ್ಧ ಮಾತ್ರ ಹರಿಯುವುದೆಂದೂ ಭಾವಿಸಿ ಕಟ್ಟಲಾಗಿತ್ತು. ಒಂದು ಚದರ ಕಿಲೋಮೀಟರು ನೆಲಕ್ಕೆ ಈ ಲೆಕ್ಕದಂತೆ ಪ್ರತಿ ಸೆಕೆಂಡಿಗೆ ಸುಮಾರು ೩.೫ ಘನಮೀಟರು ನೀರು ಬರುತ್ತದೆ. ೧೯೮೫ರ ನೆರೆಯ ಬಳಿಕ ಸಿದ್ಧವಾಗಿ ೧೯೯೩ರಲ್ಲಿ ಹೊರಬಂದ ‘ಬ್ರಿಮ್‌ಸ್ಟೊವಾಡ್’ ಎಂಬ ವರದಿಯು, ಗಂಟೆಗೆ ೫೦ ಮಿಲಿಮೀಟರು ಮಳೆಯನ್ನು ಪರಿಗಣಿಸಬೇಕೆಂದೂ, ನೆಲವೆಲ್ಲ ಗಟ್ಟಿಯಾಗಿರುವುದರಿಂದ ಗುಣಾಂಕವನ್ನು ಒಂದು ಎಂದೇ ಹಿಡಿಯಬೇಕೆಂದೂ ಸೂಚಿಸಿತು. ಮಳೆಯ ಪ್ರಮಾಣ ಇಮ್ಮಡಿ, ಗುಣಾಂಕ ಇಮ್ಮಡಿ. ಆದುದರಿಂದ ಸಾಗಿಸಬೇಕಾದ ನೀರು ನಾಲ್ಕು ಮಡಿಯಾಗಿ ಸೆಕೆಂಡಿಗೆ ಸುಮಾರು ೧೪ ಘನಮೀಟರಾಗುತ್ತದೆ. ಈ ಏರಿಕೆಯಲ್ಲಿ ಒಂದು ಇಮ್ಮಡಿಯು ಮಳೆಯ ಅಂದಾಜನ್ನು ತಿದ್ದಿದುದರಿಂದ ಬಂದುದು. ಮತ್ತೊಂದು ಮನುಷ್ಯನು ನೆಲಕ್ಕೆ ಹೊದಿಸಿದ ಹೊದಿಕೆಯಿಂದ ಬಂದುದು. ನೆರೆಯೆಲ್ಲವೂ ದೈವಕೃತವೆಂದು ಹೇಳುವ ಮುನ್ನ ಈ ಎರಡನೆಯ ಇಮ್ಮಡಿಯನ್ನು ನೆನೆಯುವುದು ಒಳಿತು.

ಮಲ್ವೇನಿಯ ಸೂತ್ರ ಗರಿಷ್ಠ ಪ್ರಮಾಣವನ್ನು ಹೇಳುತ್ತದೆಯೇ ಹೊರತು ನೆರೆ ಹೇಗೆ ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಹೇಳಲಾರದು. ಆ ಕೊರತೆಯನ್ನು ತುಂಬಲು ೧೯೩೨ರಲ್ಲಿ ಅಮೆರಿಕದ ಶರ್ಮನ್ ಎಂಬವನು ‘ಏಕಮಾನ ಪ್ರವಾಹರೇಖೆ’ಯ ಕಲ್ಪನೆಯನ್ನು ಮುಂದಿಟ್ಟನು. ನಿರ್ದಿಷ್ಟ ಅವಧಿಯಲ್ಲಿ ಜಲಾನಯನದ ಮೇಲೆಲ್ಲ ಒಂದು ಸೆಂಟಿಮೀಟರಿನಷ್ಟು ನೀರು ಹರಿಯತಕ್ಕದ್ದಾಗಿ ದೊರೆತರೆ ನದಿಯ ಹರಿವು ಗಂಟೆಗಂಟೆಗೆ ಹೇಗೆ ಏರಿಳಿಯುವುದೆಂದು ಒಮ್ಮೆ ತಿಳಿದುಕೊಂಡರೆ, ಮೂರು ಸೆಂಟಿಮೀಟರಿಗೆ ಅದರ ಮೂರರಷ್ಟು. ಒಂದಾದ ಮೇಲೊಂದು ಬಂದ ಮಳೆಗಳಿಗೆ ಅಂಥ ರೇಖೆಗಳನ್ನು ಒಂದರ ಮೇಲೊಂದು ಕೂಡಿಸಿದಷ್ಟು. ಇನ್ನು, ಹೀಗೆ ಬಂದ ನೀರು ನದಿಯ ಪಾತ್ರದಲ್ಲಿ ಸಾಗುವ ಬಗೆಯನ್ನು ಫ್ರಾನ್ಸಿನ ಸೇಂಟ್ ವೆನಾಂಟನು ೧೮೭೧ರಲ್ಲೇ ಎರಡು ಸಮೀಕರಣಗಳಲ್ಲಿ ಬರೆದಿಟ್ಟಿದ್ದನು. ನೀರು ನಷ್ಟವಾಗದು ಎಂಬುದು ಒಂದು. ಅದರ ವೇಗವು ಇಳಿಜಾರು, ಘರ್ಷಣೆ ಮತ್ತು ಒತ್ತಡಗಳಿಗೆ ಅಧೀನವೆಂಬುದು ಇನ್ನೊಂದು. ಕೈಯಿಂದ ಬಿಡಿಸಲು ಅತಿ ಕಷ್ಟವಾದ ಈ ಸಮೀಕರಣಗಳನ್ನು ಇಂದು ಗಣಕಯಂತ್ರಗಳು ನದಿಯನ್ನು ತುಂಡುತುಂಡಾಗಿ ವಿಭಾಗಿಸಿ ಬಿಡಿಸುತ್ತವೆ.

೪

ಕೆರೆಯ ಪಾತ್ರವನ್ನು ಈಗ ನೋಡಬಹುದು. ಪವಾಯಿ ಕೆರೆಯ ಜಲಾನಯನ ೬.೬೧ ಚದರ ಕಿಲೋಮೀಟರು. ತುಂಬಿದಾಗ ನೀರಿನ ಹರಹು ೨.೨೩ ಚದರ ಕಿಲೋಮೀಟರು. ಸಾಮರ್ಥ್ಯ ಸುಮಾರು ೫೪೫ ಕೋಟಿ ಲೀಟರು. ಈ ಜಲಾನಯನದ ಮೇಲೆ ೧೦೦ ಮಿಲಿಮೀಟರು ಮಳೆ ಬಿದ್ದು ಎಲ್ಲವೂ ಕೆರೆಗೆ ಹರಿದುಬಂದಿತೆಂದು ಭಾವಿಸೋಣ. ಕೆರೆಯ ಮಟ್ಟ ಏರುವುದು ಸುಮಾರು ೩೦ ಸೆಂಟಿಮೀಟರು, ಅಂದರೆ ಒಂದು ಅಡಿಯಷ್ಟೇ. ಕೋಡಿಗಿಂತ ಒಂದು ಅಡಿ ಕೆಳಗೆ ನೀರಿದ್ದರೆ ಇಷ್ಟು ದೊಡ್ಡ ಮಳೆಯನ್ನು ಕೆರೆಯೇ ನುಂಗಿಕೊಳ್ಳುತ್ತದೆ. ಕೆಳಗಿನ ಕುರ್ಲಾಕ್ಕೆ ಅದರ ಸುಳಿವೂ ಸಿಕ್ಕುವುದಿಲ್ಲ. ಕೆರೆ ಮೊದಲೇ ತುಂಬಿದ್ದರೆ ಅಷ್ಟೂ ನೀರು ಸ್ವಲ್ಪ ತಡವಾಗಿಯಾದರೂ ಕೋಡಿ ಬಿದ್ದು ನದಿಗಿಳಿಯುತ್ತದೆ. ಕೆರೆಯಲ್ಲಿ ಹೂಳು ತುಂಬಿದಂತೆ, ದಂಡೆ ಒತ್ತುವರಿಯಾದಂತೆ ಈ ಒಂದು ಅಡಿಯ ಉಪಕಾರ ಕುಗ್ಗುತ್ತ ಹೋಗುತ್ತದೆ. ೨೦೨೨ರ ಮೇ ತಿಂಗಳಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಪವಾಯಿ ಕೆರೆಯ ಅಂಚಿನಲ್ಲಿ ನಡೆದಿದ್ದ ಸೈಕಲ್ ಪಥದ ಕಾಮಗಾರಿ ಕಾನೂನುಬಾಹಿರವೆಂದು ತೀರ್ಪಿತ್ತಿತು. ಕೆರೆಯಂಗಳವೆಂಬುದು ಖಾಲಿ ಬಿದ್ದ ನಿವೇಶನವಲ್ಲವೆಂಬುದನ್ನು ಜಲವಿಜ್ಞಾನದ ದೃಷ್ಟಿಯೂ ಸಮರ್ಥಿಸುತ್ತದೆ.

ನಗರದ ಮೇಲ್ಗಡೆ ನೀರನ್ನು ತಡೆದು ನೆರೆಯನ್ನು ತಗ್ಗಿಸುವ ಈ ತತ್ತ್ವ ನಮ್ಮವರೊಬ್ಬರ ಕಾರ್ಯದಿಂದ ಪ್ರಸಿದ್ಧವಾದುದು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಧ್ವಂಸಗೊಳಿಸಿದಾಗ, ೧೮೮೪ರಿಂದ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ ಸರಕಾರ ಸಲಹೆಗಾಗಿ ಕರೆಯಿಸಿಕೊಂಡಿತು. ಮಳೆಯ ದಾಖಲೆಗಳನ್ನೂ ಜಲಾನಯನದ ನೂರಾರು ಕೆರೆಗಳ ಸ್ಥಿತಿಯನ್ನೂ ಪರಿಶೀಲಿಸಿದ ಅವರು, ಮೇಲಿನ ಕೆರೆಗಳು ಒಡೆದುದರಿಂದ ನೆರೆಯ ಉಗ್ರತೆ ಹೆಚ್ಚಿತೆಂಬುದನ್ನು ಕಂಡುಕೊಂಡು, ನಗರದ ಮೇಲೆ ಎರಡು ಜಲಾಶಯಗಳನ್ನು ಕಟ್ಟಿ ನೆರೆಯ ನೀರನ್ನು ಅಲ್ಲಿಯೇ ಹಿಡಿದಿಡಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸಲಹೆಯ ಫಲ. ಅವುಗಳ ವಿನ್ಯಾಸದಲ್ಲಿಯೇ ನೆರೆಗೆ ಸ್ಥಳವಿತ್ತು; ಪವಾಯಿ ವಿಹಾರಗಳನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ಕುಡಿಯುವ ನೀರೊಂದೇ. ತುಂಬಿದ ಕೆರೆ ಕುಡಿಯುವ ನೀರಿಗೆ ಸೌಭಾಗ್ಯ, ನೆರೆ ತಡೆಯುವುದಕ್ಕೆ ಅನನುಕೂಲ ಎಂಬ ಈ ವಿರೋಧ ಯಾವ ಜಲಾಶಯಕ್ಕೂ ತಪ್ಪಿದುದಲ್ಲ.

೫

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನ ವೀಕ್ಷಣಾಲಯದಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ದಾಖಲಾಯಿತು. ವಿಹಾರದ ಬಳಿ ಅದು ಸಾವಿರವನ್ನೂ ಮೀರಿತು. ಆದರೆ ಇದೇ ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾದಲ್ಲಿ ಬಿದ್ದುದು ೭೩ ಮಿಲಿಮೀಟರು ಮಾತ್ರ. ಅಪರಾಹ್ನದ ಒಂದೇ ಗಂಟೆಯಲ್ಲಿ ಸಾಂತಾಕ್ರೂಜಿನಲ್ಲಿ ೧೯೦ ಮಿಲಿಮೀಟರು ಸುರಿಯಿತು. ಹಿಂದೆ ಹೇಳಿದ ಲೆಕ್ಕದಂತೆ ಇದು ಒಂದು ಚದರ ಕಿಲೋಮೀಟರಿಗೆ ಸೆಕೆಂಡಿಗೆ ಸುಮಾರು ೫೩ ಘನಮೀಟರು. ಹಳೆಯ ಚರಂಡಿಯ ಸಾಮರ್ಥ್ಯದ ಹದಿನೈದರಷ್ಟು. ೯೪೪ ಮಿಲಿಮೀಟರು ಮಳೆ ಪವಾಯಿ ಕೆರೆಯ ಜಲಾನಯನದ ಮೇಲೆ ಬಿದ್ದು ಎಲ್ಲವೂ ಹರಿದರೆ ಅದು ೬೨೪ ಕೋಟಿ ಲೀಟರಾಗುತ್ತದೆ. ಬರಿದಾದ ಕೆರೆಗೂ ಅದು ಹಿಡಿಸದು. ಅದೇ ಅಪರಾಹ್ನ ಕಡಲಿನಲ್ಲಿ ಸುಮಾರು ೪.೫ ಮೀಟರಿನ ಭರತವಿತ್ತು. ನಗರದಲ್ಲಿ ಸತ್ತವರ ಸಂಖ್ಯೆ ನಾನೂರನ್ನು ಮೀರಿತು.

ಈ ದುರಂತ ಮಾದರಿಗಳನ್ನು ರಚಿಸುವವರಿಗೆ ಮೂರು ಪಾಠಗಳನ್ನು ಕಲಿಸಿತು. ಮೊದಲನೆಯದು, ನಗರಕ್ಕೆ ಒಂದೆರಡು ಮಳೆಮಾಪಕಗಳು ಸಾಲವೆಂಬುದು. ಕೊಲಾಬಾದ ಅಂಕಿಯನ್ನು ನಂಬಿದ ಲೆಕ್ಕಕ್ಕೆ ಅಂದು ಮಿಠೀ ನದಿಯಲ್ಲಿ ನೆರೆಯೇ ಇರಲಿಲ್ಲ! ಆ ಬಳಿಕ ಮಹಾನಗರಪಾಲಿಕೆಯು ಊರಿನ ಬೇರೆ ಬೇರೆ ಕಡೆ ಹದಿನೈದು ನಿಮಿಷಕ್ಕೊಮ್ಮೆ ವರದಿ ಮಾಡುವ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿತು. ಈ ಜಾಲದ ರಚನೆಯಲ್ಲಿ ಪವಾಯಿಯ ಐಐಟಿಯ ವಿದ್ವಾಂಸರ ಪಾತ್ರವಿದೆ. ಎರಡನೆಯದು, ಕೆಳಭಾಗದ ಲೆಕ್ಕವನ್ನು ಕಡಲಿನ ಕಡೆಯಿಂದ ಆರಂಭಿಸಬೇಕೆಂಬುದು. ಭರತದ ವೇಳೆಯಲ್ಲಿ ನದಿಗೆ ಹೊರದಾರಿಯಿಲ್ಲ; ನೀರು ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಇಲ್ಲೊಂದು ಸೂಕ್ಷ್ಮವೂ ಇದೆ. ಮುಂಬಯಿಯ ನೆಲ ಮತ್ತು ಚರಂಡಿಗಳ ಮಟ್ಟವನ್ನು ಟೌನ್‌ಹಾಲಿನ ಆಧಾರಮಟ್ಟದಿಂದ ಅಳೆಯುವ ರೂಢಿಯಿದೆ. ಭರತದ ಎತ್ತರವನ್ನು ಅಳೆಯುವುದು ನೌಕಾನಕಾಶೆಯ ಆಧಾರಮಟ್ಟದಿಂದ. ಎರಡನ್ನೂ ಒಂದೇ ಮಟ್ಟಕ್ಕೆ ತಾರದೆ ಮಾಡಿದ ಲೆಕ್ಕ ಎಷ್ಟು ಸೂಕ್ಷ್ಮವಾಗಿದ್ದರೂ ವ್ಯರ್ಥ.

ಮೂರನೆಯ ಪಾಠ ಕಾಲಕ್ಕೆ ಸಂಬಂಧಿಸಿದುದು. ಕೃಷ್ಣೆಯಂತಹ ಮಹಾನದಿಯಲ್ಲಿ ಮೇಲಿನ ನೀರು ಕೆಳಕ್ಕೆ ಬರಲು ದಿನಗಳೇ ಬೇಕು; ಮೇಲಿನ ಊರಿನ ನದೀಮಟ್ಟವನ್ನು ನೋಡಿಯೇ ಕೆಳಗಿನವರಿಗೆ ಎಚ್ಚರಿಕೆ ಕೊಡಬಹುದು. ಮಿಠೀ ನದಿಯಲ್ಲಿ ಆ ಅವಕಾಶ ಕೆಲವೇ ಗಂಟೆಗಳದು. ಮಳೆ ಬಿದ್ದ ಮೇಲೆ ಲೆಕ್ಕ ಹಾಕುತ್ತ ಕುಳಿತರೆ ಕಾಲ ಮೀರಿರುತ್ತದೆ. ಬೀಳಲಿರುವ ಮಳೆಯ ಮುನ್ಸೂಚನೆಯಿಂದಲೇ ಲೆಕ್ಕ ಆರಂಭವಾಗಬೇಕು. ಕೇಂದ್ರದ ಭೂವಿಜ್ಞಾನ ಸಚಿವಾಲಯವು ಮಹಾನಗರಪಾಲಿಕೆಯೊಡನೆ ಸೇರಿ ೨೦೨೦ರ ಜೂನ್ ತಿಂಗಳಲ್ಲಿ ಆರಂಭಿಸಿದ ‘ಐಫ್ಲೋಸ್-ಮುಂಬಯಿ’ ಎಂಬ ವ್ಯವಸ್ಥೆ ಈ ತತ್ತ್ವದ ಮೇಲೆ ನಿಂತಿದೆ. ಹವಾಮಾನದ ಮುನ್ಸೂಚನೆ, ಮಳೆಮಾಪಕಗಳ ವರದಿ, ನೆಲದ ಏರುತಗ್ಗು, ಚರಂಡಿ ಮತ್ತು ಕೆರೆಗಳ ವಿವರ, ಕಡಲಿನ ಮಟ್ಟ ಇವೆಲ್ಲವನ್ನೂ ಕೂಡಿಸಿ ಯಾವ ಭಾಗದಲ್ಲಿ ಎಷ್ಟು ನೀರು ನಿಲ್ಲಬಹುದೆಂದು ಅದು ಅಂದಾಜು ಮಾಡುತ್ತದೆ.

೬

ಮಾದರಿಯಿಂದ ನಾವು ಅಪೇಕ್ಷಿಸಬಹುದಾದುದೇನು? ಮಳೆಯನ್ನು ಅದು ನಿಲ್ಲಿಸಲಾರದು; ಭರತವನ್ನು ಇಳಿಸಲಾರದು. ಆದರೆ ಯಾರನ್ನು ಯಾವಾಗ ಎಬ್ಬಿಸಬೇಕೆಂಬುದನ್ನು ಅದು ಹೇಳಬಲ್ಲದು. ೨೦೨೫ರ ಆಗಸ್ಟ್ ೧೯ರಂದು ಮಿಠೀ ನದಿಯ ಮಟ್ಟ ಏರಿದಾಗ ಕುರ್ಲಾದ ಕ್ರಾಂತಿನಗರದ ನೂರಾರು ನಿವಾಸಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಯಿತು. ನದೀಮಟ್ಟದ ಒಂದು ಅಂಕಿ ಸಕಾಲದಲ್ಲಿ ಕೈಸೇರಿದರೆ ಆಗುವ ಪ್ರಯೋಜನಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಮಾದರಿಗೆ ಎರಡನೆಯ ಪ್ರಯೋಜನವೂ ಉಂಟು; ಅದರತ್ತ ವಿದ್ಯಾವಂತರ ಗಮನ ಇನ್ನೂ ಸಾಕಷ್ಟು ಹರಿದಿಲ್ಲ. ಜೌಗುನೆಲವೊಂದನ್ನು ಮುಚ್ಚುವ, ಕೆರೆಯಂಚನ್ನು ಒತ್ತರಿಸುವ, ನದಿಯನ್ನು ಗೋಡೆಗಳ ನಡುವೆ ಕಿರಿದುಗೊಳಿಸುವ ಯಾವುದೇ ಯೋಜನೆ ಬಂದಾಗ, ಅದರಿಂದ ಕೆಳಗಿನ ವಸತಿಗಳಲ್ಲಿ ನೀರು ಎಷ್ಟು ಅಂಗುಲ ಏರುವುದೆಂಬುದನ್ನು ಕೆಲಸ ಆರಂಭವಾಗುವ ಮೊದಲೇ ಲೆಕ್ಕಹಾಕಿ ತೋರಿಸಬಹುದು. ನೆರೆಯ ಲೆಕ್ಕದಲ್ಲಿ ಮಳೆ ಮತ್ತು ಭರತ ನಮ್ಮ ಕೈಯಲ್ಲಿಲ್ಲ. ಹರಿವಿನ ಗುಣಾಂಕ, ಕೆರೆಯ ಅಂಗಳ, ನದಿಯ ಅಗಲ ಇವು ಮೂರೂ ನಮ್ಮ ಕೈಯಲ್ಲಿವೆ. ಈ ಅಂಕಿಗಳು ಎಂಜಿನಿಯರರ ಕಡತಗಳಲ್ಲಿಯೇ ಉಳಿಯದೆ, ನದಿಯ ದಡದಲ್ಲಿ ಬಾಳುವವರಿಗೂ ಅವರವರ ಭಾಷೆಯಲ್ಲಿ ತಿಳಿಯುವಂತಾಗಬೇಕು. ತನ್ನ ಬಾಗಿಲಿಗೆ ಬರುವ ನೀರು ಎಲ್ಲಿಂದ ಹೊರಟಿತು, ದಾರಿಯಲ್ಲಿ ಅದನ್ನು ಯಾರು ತಡೆದರು, ಯಾರು ನೂಕಿದರು ಎಂದು ಅರಿತ ನಾಗರಿಕನೇ ಮುಂದಿನ ಯೋಜನೆಯ ಸಮಯದಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳಬಲ್ಲನು.